ತನಗೆ ಹಿಡಿಸದ ಹೆಣ್ಣಿಗಾಗಿ ಸ್ವಾನ್ ಕೊರಗಿದ್ದೇಕೆ?

ಪ್ರಶ್ನೆ: ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್‌ನ ‘ಸ್ವಾನನ ಪ್ರೇಮ’ವನ್ನು ಇಂಗ್ಲಿಷಿನಲ್ಲಿ ಓದಿದೆ. ಒಡೆಟ್‌ಗಾಗಿ ಹುಚ್ಚು ಹಿಡಿದವನಂತೆ ಅಲೆದ ಸ್ವಾನ್, ಅವಳು ತನಗೆ ಹಿಡಿಸುವಂಥ ಹೆಣ್ಣೇ ಆಗಿರಲಿಲ್ಲ ಎಂದು ಕೊನೆಗೆ ಹೇಳುತ್ತಾನೆ. ಹಾಗಿದ್ದರೆ ಅಷ್ಟೊಂದು ಮತ್ಸರ ಎಲ್ಲಿಂದ ಬಂತು? ಮುಂದೆ ಅವಳನ್ನೇ ಮದುವೆಯಾದದ್ದೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ತಾವು ಓದಿರುವುದು ಏಳು ಸಂಪುಟಗಳ ಮಹಾಕಾದಂಬರಿಯ ಮೊದಲ ಸಂಪುಟದ ನಡುವಿನ ಭಾಗವನ್ನು. ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರಿಂದ ಪ್ರೂಸ್ಟ್ 1913ರಲ್ಲಿ ಈ ಸಂಪುಟವನ್ನು ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಬೇಕಾಯಿತು.

ಒಡೆಟ್ ಮೊದಲ ಭೇಟಿಯಲ್ಲಿ ಸ್ವಾನನಿಗೆ ಹಿಡಿಸಿರಲಿಲ್ಲ ಎಂಬುದನ್ನು ಪ್ರೂಸ್ಟ್ ಮುಚ್ಚಿಡುವುದಿಲ್ಲ. ಸಿಸ್ಟೀನ್ ಚಾಪೆಲ್‌ನ ಗೋಡೆಯ ಮೇಲೆ ಇಟಲಿಯ ಚಿತ್ರಕಾರ ಬೊಟಿಚೆಲ್ಲಿ ಬಿಡಿಸಿದ, ಬೈಬಲ್ಲಿನ ಮೋಶೆಯ ಹೆಂಡತಿ ಜಿಪ್ಪೋರಾಳ ಮುಖವು ಅವಳಲ್ಲಿ ಕಂಡ ಮೇಲೆಯೇ ಚಿತ್ರಕಲೆಯಲ್ಲಿ ಪಳಗಿದ ಅವನ ಕಣ್ಣಿಗೆ ಅವಳು ಸುಂದರಿಯಾಗುತ್ತಾಳೆ. ಆ ಚಿತ್ರದ ಪ್ರತಿಯನ್ನು ಒಡೆಟ್‌ಳ ಫೋಟೋ ಎಂಬಂತೆ ಅವನು ಮೇಜಿನ ಮೇಲೆ ಇಟ್ಟುಕೊಳ್ಳುತ್ತಾನೆ. ಆಮೇಲೊಂದು ರಾತ್ರಿ, ಅವರಿಬ್ಬರೂ ಸೇರುತ್ತಿದ್ದ ಗೋಷ್ಠಿಯ ಆತಿಥೇಯರಾದ ವೆರ್ಡುರಿನ್ ದಂಪತಿಯ ಮನೆಗೆ ತಡವಾಗಿ ಬಂದಾಗ ಅವಳು ಹೊರಟುಹೋಗಿರುತ್ತಾಳೆ, ಅವನು ಪ್ಯಾರಿಸಿನ ಹೋಟೆಲು ಹೋಟೆಲು ಹೊಕ್ಕು ಹುಡುಕುತ್ತಾನೆ. ಅವಳು ಸಿಕ್ಕ ಮೇಲೆ, ಗಾಡಿಯಲ್ಲಿ ಅವಳ ಎದೆಯ ಮೇಲಿನ ಕ್ಯಾಟ್ಲಿಯಾ ಎಂಬ ಆರ್ಕಿಡ್ ಹೂಗಳನ್ನು ಸರಿಪಡಿಸುವ ನೆಪದಿಂದಲೇ ಅವರ ಸಂಬಂಧ ಮೊದಲಾಗುತ್ತದೆ. (ತಮ್ಮ ಕಡೆ ಮಳೆಗಾಲ ಹತ್ತಿರವಾದಾಗ ಹೆಂಗಸರು ಮುಡಿಯುವ ಸೀತಾಳೆ ದಂಡೆಯೂ ಇದೇ ಆರ್ಕಿಡ್ ಕುಟುಂಬದ್ದು.)

ಮತ್ಸರದ ಮೂಲವನ್ನು ಪ್ರೂಸ್ಟ್ ತೋರಿಸುವುದು ಕಿಟಕಿಯ ಪ್ರಸಂಗದಲ್ಲಿ. ಮೈ ಸರಿಯಿಲ್ಲವೆಂದು ಹೇಳಿ ಒಡೆಟ್ ಒಂದು ರಾತ್ರಿ ಅವನನ್ನು ಬೇಗ ಕಳುಹಿಸುತ್ತಾಳೆ. ಮನೆ ಸೇರಿದವನಿಗೆ ಸಂಶಯ ಹುಟ್ಟಿ ಮತ್ತೆ ಅವಳ ಬೀದಿಗೆ ಬಂದರೆ, ಕತ್ತಲಲ್ಲಿ ಒಂದೇ ಒಂದು ಕಿಟಕಿಯ ಪಟ್ಟಿಗಳ ಸಂದಿನಿಂದ ಬೆಳಕು ಸೋರುತ್ತಿದೆ, ಒಳಗೆ ಮಾತು ಕೇಳಿಸುತ್ತಿದೆ. ಸಂಕಟಪಡಬೇಕಾದ ಆ ಹೊತ್ತಿನಲ್ಲಿ ಅವನಿಗೆ ಒಂದು ಬಗೆಯ ಸುಖವೂ ಆಗುತ್ತದೆ, ಏಕೆಂದರೆ ಓದಿನ ದಿನಗಳಲ್ಲಿ ಅವನಲ್ಲಿದ್ದು ಆಮೇಲೆ ಬತ್ತಿಹೋಗಿದ್ದ ಸತ್ಯಶೋಧನೆಯ ಹಂಬಲ ಈಗ ಮತ್ತೆ ಎದ್ದಿದೆ. ಕದ್ದು ಕೇಳುವುದು, ಆಳುಗಳ ಬಾಯಿ ಬಿಡಿಸುವುದು, ಇವೆಲ್ಲ ಅವನಿಗೆ ಹಳೆಯ ಗ್ರಂಥದ ಪಾಠಗಳನ್ನು ಹೋಲಿಸಿ ನೋಡುವ ವಿದ್ವಾಂಸನ ಕೆಲಸದಷ್ಟೇ ಗೌರವದ್ದಾಗಿ ತೋರತೊಡಗುತ್ತವೆ. ಚಿತ್ರಕಾರ ವೆರ್ಮೀರ್‌ನ ಮೇಲೆ ಅವನು ಬರೆಯಬೇಕೆಂದಿದ್ದ ಪ್ರಬಂಧ ಮುಗಿಯದೆ ಬಿದ್ದಿರುವಾಗ, ಆ ಶ್ರದ್ಧೆಯೆಲ್ಲ ಒಬ್ಬ ಹೆಣ್ಣಿನ ದಿನಚರಿಯ ಮೇಲೆ ಖರ್ಚಾಗುತ್ತದೆ. ಅವನು ಕಿಟಕಿ ಬಡಿಯುತ್ತಾನೆ. ದೀಪ ಹಿಡಿದು ತೆರೆಯುವವರು ಇಬ್ಬರು ಮುದುಕರು. ಅದು ಪಕ್ಕದ ಮನೆಯ ಕಿಟಕಿ!

ಆದ್ದರಿಂದ ಒಡೆಟ್ ಹಿಡಿಸದೇ ಇದ್ದದ್ದು ಅವನ ಮತ್ಸರಕ್ಕೆ ಅಡ್ಡಿಯಾಗಲಿಲ್ಲ ಎಂದೇ ನನ್ನ ಅಭಿಪ್ರಾಯ. ಅವಳ ಬದುಕಿನಲ್ಲಿ ತನಗೆ ತಿಳಿಯದ ಗಂಟೆಗಳಿವೆ ಎಂಬ ಅರಿವೇ ಅದಕ್ಕೆ ಸಾಕಾಯಿತು. ಫೋರ್ಷೆವಿಲ್ ಎಂಬ ಪ್ರತಿಸ್ಪರ್ಧಿಗೆ ಅವಳು ಬರೆದ ಕಾಗದವನ್ನು ಮೇಣದಬತ್ತಿಯ ಬೆಳಕಿಗೆ ಹಿಡಿದು ಲಕೋಟೆಯ ಮೇಲಿಂದಲೇ ಓದುವಾಗಲೂ ಅವನನ್ನು ಕಾಡುವುದು ಇದೇ. ಅತ್ತ ಒಡೆಟ್‌ಳ ಮನಸ್ಸಿನೊಳಕ್ಕೆ ನಮಗೆ ಪ್ರವೇಶವೇ ಇಲ್ಲ, ಅವಳನ್ನು ಸ್ವಾನನ ಸಂಶಯದ ಮೂಲಕವೇ ಕಾಣಬೇಕು. ಇದನ್ನು ಕೆಲವರು ಕೃತಿಯ ಕೊರತೆ ಎನ್ನಬಹುದು. ಮತ್ಸರದ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಿದ್ದರೆ ಈ ಉಸಿರುಗಟ್ಟುವಿಕೆ ಬರುತ್ತಿರಲಿಲ್ಲ.

ಮದುವೆಯ ವಿಷಯ ತಾವು ಓದಿದ ಭಾಗದಲ್ಲಿ ಸಿಗುವುದಿಲ್ಲ. 1919ರಲ್ಲಿ ಬಂದು ಫ್ರಾನ್ಸಿನ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ ಪ್ರಶಸ್ತಿ ಪಡೆದ ಎರಡನೆಯ ಸಂಪುಟದ ಮೊದಲರ್ಧದಲ್ಲಿ ಪ್ರೂಸ್ಟ್ ಅದಕ್ಕೆ ಮರಳುತ್ತಾನೆ. ಆ ಹೊತ್ತಿಗೆ ಪ್ರೇಮವೂ ಸಂಶಯವೂ ಆರಿವೆ, ಗಿಲ್ಬರ್ಟ್ ಎಂಬ ಮಗಳಿದ್ದಾಳೆ. ಹೆಂಡತಿಯನ್ನೂ ಮಗಳನ್ನೂ ತನ್ನ ಹಳೆಯ ಗೆಳತಿಯಾದ ಗೆರ್ಮಾಂಟ್ ಡಚೆಸ್‌ಳ ಮುಂದೆ ಕರೆದೊಯ್ದು ಪರಿಚಯಿಸುವ ಗಳಿಗೆಯನ್ನು ನೆನೆದುಕೊಂಡೇ ಸ್ವಾನ್ ಆ ಮದುವೆಗೆ ಮನಸ್ಸು ಮಾಡಿರುತ್ತಾನೆ, ಆದರೆ ಅವನು ಬದುಕಿರುವವರೆಗೆ ಅದು ಕೂಡಿಬರುವುದಿಲ್ಲ. ತಾವು ಮುಂದೆ ಓದುವುದಾದರೆ, ಕಥೆ ಹೇಳುವ ನಾಯಕನೇ ತನ್ನ ಪ್ರೇಯಸಿ ಆಲ್ಬರ್ಟೀನ್‌ಳನ್ನು ಮನೆಯಲ್ಲಿ ಕಾವಲಿಟ್ಟು ಸ್ವಾನನ ದಾರಿ ಹಿಡಿಯುವ ಐದನೆಯ ಸಂಪುಟಕ್ಕೆ ನೇರವಾಗಿ ಹೋಗದೆ, ಈ ಎರಡನೆಯದನ್ನು ಮುಗಿಸಿಕೊಂಡು ಹೋಗುವುದು ಒಳ್ಳೆಯದು.