ಅಟ್ಟದ ಮೇಲಿನ ಮ್ಯಾಜಿಕ್ ಕಾರ್ಡುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಅಣ್ಣ 1994ರ ಸುಮಾರಿಗೆ ಅಮೆರಿಕದಲ್ಲಿ ಓದುತ್ತಿದ್ದಾಗ ಆಡುತ್ತಿದ್ದ ‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡುಗಳ ಡಬ್ಬಿಯೊಂದು ಅಟ್ಟದಲ್ಲಿ ಸಿಕ್ಕಿದೆ. ಹೆಚ್ಚಿನವಕ್ಕೆ ಬಿಳಿ ಅಂಚಿದ್ದು, ಅವುಗಳ ಮೇಲೆ ಇಸವಿ ಮುದ್ರಿತವಾಗಿಲ್ಲ. ಕೆಲವಕ್ಕೆ ಕಪ್ಪು ಅಂಚಿದೆ. ಇವು ಲಕ್ಷಗಟ್ಟಲೆ ಬಾಳುತ್ತವೆ ಎಂದು ಮಗ ಹೇಳುತ್ತಾನೆ. ನಿಜವೇ?
— ಓದುಗರು, ಮಂಗಳೂರು

ಉತ್ತರ: ಕೆಲವು ಬಾಳಬಹುದು, ಬಹುಪಾಲು ಬಾಳಲಾರವು. ಕಾರ್ಡಿನ ಹೆಸರಿಗಿಂತ ಮೊದಲು ಅದು ಯಾವ ಮುದ್ರಣದ್ದು ಎಂಬುದನ್ನು ಗುರುತಿಸಬೇಕು, ಏಕೆಂದರೆ ಒಂದೇ ಹೆಸರಿನ, ಒಂದೇ ಚಿತ್ರದ ಕಾರ್ಡು ಒಂದು ಮುದ್ರಣದಲ್ಲಿ ಅಪರೂಪದ್ದಾಗಿ ಇನ್ನೊಂದರಲ್ಲಿ ಸಾಮಾನ್ಯವಾಗಿರುತ್ತದೆ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯು 1993ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ತಂದಿತು. ಸಂಗ್ರಾಹಕರು ‘ಆಲ್ಫಾ’ ಎನ್ನುವ ಆ ಮೊದಲ ಮುದ್ರಣದಲ್ಲಿ 295 ಬಗೆಯ ಕಾರ್ಡುಗಳಿದ್ದವು. ಕೈತಪ್ಪಿನಿಂದ ಬಿಟ್ಟುಹೋಗಿದ್ದ ಎರಡು ಕಾರ್ಡುಗಳನ್ನು ಸೇರಿಸಿ, ಆಟದಲ್ಲಿ ಮಂತ್ರಶಕ್ತಿ ಒದಗಿಸುವ ಕೆಲವು ಭೂಮಿ ಕಾರ್ಡುಗಳಿಗೆ ಹೊಸ ಚಿತ್ರಗಳನ್ನು ಕೊಟ್ಟು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ‘ಬೀಟಾ’ದಲ್ಲಿ ಆ ಸಂಖ್ಯೆ 302ಕ್ಕೆ ಏರಿತು. ಎರಡಕ್ಕೂ ಅಂಚು ಕಪ್ಪು. ಆಲ್ಫಾದ ಮೂಲೆಗಳು ಬೀಟಾದವಕ್ಕಿಂತ ಎದ್ದು ಕಾಣುವಷ್ಟು ದುಂಡಗಿರುತ್ತವೆ.

ಕಪ್ಪು ಅಂಚು ಕಂಡ ಮಾತ್ರಕ್ಕೆ ಆಸೆಪಡಬೇಡಿ. ಚಿತ್ರದ ಕೆಳಗೆ ಬಲಬದಿಯಲ್ಲಿ ಸಣ್ಣ ಗುರುತೊಂದಿದ್ದರೆ ಅದು ಆಮೇಲಿನ ವಿಸ್ತರಣಾ ಸರಣಿಗಳಿಗೆ ಸೇರಿದ್ದು. ಬಾಗಿದ ಕತ್ತಿಯ ಗುರುತು ‘ಅರೇಬಿಯನ್ ನೈಟ್ಸ್’ ಸರಣಿಯದು, ಕಮ್ಮಾರನ ಅಡಿಗಲ್ಲು ‘ಆಂಟಿಕ್ವಿಟೀಸ್’ನದು, ಇವೆರಡೂ ಕಡಿಮೆ ಸಂಖ್ಯೆಯಲ್ಲಿ ಮುದ್ರಣವಾದವು, ಸಿಕ್ಕರೆ ಜೋಪಾನವಾಗಿಡಿ. ಕಿರೀಟದ ಗುರುತಿನ ‘ಫಾಲನ್ ಎಂಪೈರ್ಸ್’ 1994ರ ನವೆಂಬರ್‌ನಲ್ಲಿ ಬೇಡಿಕೆಯನ್ನು ಮೀರಿ ಅಚ್ಚಾದ ಸರಣಿ. ಆ ಕಾಲದ ವಿದ್ಯಾರ್ಥಿಗಳ ಡಬ್ಬಿಗಳಲ್ಲಿ ಅದು ರಾಶಿಯಾಗಿಯೇ ಸಿಗುತ್ತದೆ, ಅದರ ಬೆಲೆ ಇಂದಿಗೂ ಅಲ್ಪ.

ಇಸವಿಯಿಲ್ಲದ ಬಿಳಿ ಅಂಚಿನವು 1993ರ ಡಿಸೆಂಬರ್‌ನ ‘ಅನ್‌ಲಿಮಿಟೆಡ್’ ಅಥವಾ 1994ರ ‘ರಿವೈಸ್ಡ್’ ಮುದ್ರಣದವಾಗಿರಬೇಕು. ಚಿತ್ರದ ಚೌಕಟ್ಟಿನ ಸುತ್ತ ನೆರಳು ಬಿದ್ದಂತೆ ಉಬ್ಬುಗೆರೆ ಕಂಡರೆ ಅನ್‌ಲಿಮಿಟೆಡ್. ಗೆರೆಯಿಲ್ಲದೆ ಬಣ್ಣ ಮಾಸಿದಂತಿದ್ದರೆ ರಿವೈಸ್ಡ್. ನಿಮ್ಮ ಅಣ್ಣ ಆಡುತ್ತಿದ್ದ ಕಾಲವನ್ನು ನೋಡಿದರೆ ನನಗೆ ಎರಡನೆಯದೇ ಹೆಚ್ಚು ಸಂಭವನೀಯವೆನಿಸುತ್ತದೆ. ಅದರಲ್ಲಿಯೂ ಹುಡುಕಬೇಕಾದದ್ದಿದೆ: ಅಂಡರ್‌ಗ್ರೌಂಡ್ ಸೀ, ವೋಲ್ಕ್ಯಾನಿಕ್ ಐಲ್ಯಾಂಡ್, ಟ್ರಾಪಿಕಲ್ ಐಲ್ಯಾಂಡ್, ಟುಂಡ್ರಾ ಮುಂತಾದ, ಎರಡು ಬಗೆಯ ಮಂತ್ರಶಕ್ತಿ ಕೊಡಬಲ್ಲ ಹತ್ತು ‘ಡ್ಯುಯಲ್ ಲ್ಯಾಂಡ್’ಗಳು. ನೋಡಲು ಸಪ್ಪೆಯಾದ ಈ ಭೂಮಿ ಕಾರ್ಡುಗಳಿಗಾಗಿ ಆಟಗಾರರು ಇಂದಿಗೂ ನೂರಾರು ಡಾಲರ್ ಕೊಡುತ್ತಾರೆ. ಪತ್ರಿಕೆಗಳಲ್ಲಿ ಸುದ್ದಿಯಾಗುವ ‘ಬ್ಲ್ಯಾಕ್ ಲೋಟಸ್’ ರಿವೈಸ್ಡ್‌ನಲ್ಲಿ ಇಲ್ಲವೇ ಇಲ್ಲ. ಅದರ ಆಲ್ಫಾ ಪ್ರತಿಯೊಂದು 2021ರ ಜನವರಿಯಲ್ಲಿ 5,11,100 ಡಾಲರಿಗೆ ಹರಾಜಾದದ್ದು ನಿಜವಾದರೂ, ಆ ಪ್ರತಿ ಅತ್ಯುನ್ನತ ಸ್ಥಿತಿಯಲ್ಲಿತ್ತು ಮತ್ತು ಅದರ ಪೆಟ್ಟಿಗೆಯ ಮೇಲೆ ಚಿತ್ರಕಾರ ಕ್ರಿಸ್ಟೋಫರ್ ರಷ್ ಅವರ ಸಹಿಯಿತ್ತು.

ಪ್ರಶ್ನೆ: ಕಂಪನಿಯು ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿದರೆ ಬೆಲೆ ಕುಸಿಯುವುದಿಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಒಮ್ಮೆ ಹಾಗೆಯೇ ಆಯಿತು. 1995ರಲ್ಲಿ ‘ಕ್ರಾನಿಕಲ್ಸ್’ ಎಂಬ ಸರಣಿಯಲ್ಲಿ ಹಲವು ಹಳೆಯ ಕಾರ್ಡುಗಳು ಬಿಳಿ ಅಂಚಿನೊಂದಿಗೆ ಮರುಮುದ್ರಣಗೊಂಡಾಗ ಸಂಗ್ರಾಹಕರು ಸಿಟ್ಟಿಗೆದ್ದರು. ಅವರನ್ನು ಸಮಾಧಾನಪಡಿಸಲು ಕಂಪನಿಯು 1996ರಲ್ಲಿ ‘ರಿಸರ್ವ್ಡ್ ಲಿಸ್ಟ್’ ಪ್ರಕಟಿಸಿ, ಅದರಲ್ಲಿರುವ ಕಾರ್ಡುಗಳನ್ನು ಮತ್ತೆಂದೂ ಮುದ್ರಿಸುವುದಿಲ್ಲವೆಂದು ಮಾತುಕೊಟ್ಟಿತು. ಡ್ಯುಯಲ್ ಲ್ಯಾಂಡ್‌ಗಳು ಈ ಪಟ್ಟಿಯಲ್ಲಿವೆ. 2022ರಲ್ಲಿ ಮೂವತ್ತನೇ ವರ್ಷದ ನೆಪದಲ್ಲಿ ಅವನ್ನು ಮತ್ತೆ ಅಚ್ಚು ಹಾಕಿದರೂ, ಹಿಂಬದಿಯನ್ನು ಬದಲಿಸಿ, ಅಧಿಕೃತ ಪಂದ್ಯಗಳಲ್ಲಿ ಆಡುವಂತಿಲ್ಲವೆಂದು ಹೇಳಿ, ನಾಲ್ಕು ಪೊಟ್ಟಣಗಳಿಗೆ 999 ಡಾಲರ್ ಬೆಲೆಯಿಟ್ಟರು. ಮಾತು ಮುರಿಯದೆಯೇ ಮಾತಿನಿಂದ ಲಾಭ ಮಾಡಿಕೊಳ್ಳುವ ಈ ಜಾಣತನ ಆಟಗಾರರಿಗೆ ರುಚಿಸಲಿಲ್ಲ, ನನಗೂ ರುಚಿಸಲಿಲ್ಲ. ಒಟ್ಟಿನಲ್ಲಿ ಈ ಬೆಲೆಗಳು ಒಂದು ಕಂಪನಿಯ ವಾಗ್ದಾನದ ಮೇಲೆ ನಿಂತಿರುವುದರಿಂದ, ಉಳಿತಾಯದ ಹಣವನ್ನು ಇದರಲ್ಲಿ ತೊಡಗಿಸಿರೆಂದು ನಾನು ಯಾರಿಗೂ ಹೇಳಲಾರೆ.

ಪ್ರಶ್ನೆ: ಅಸಲಿ ಕಾರ್ಡನ್ನು ಮಡಿಸಿದರೂ ಗೆರೆ ಮೂಡುವುದಿಲ್ಲವಂತೆ. ಪರೀಕ್ಷಿಸಬಹುದೇ?
— ಓದುಗರು, ಧಾರವಾಡ

ಉತ್ತರ: ದಯವಿಟ್ಟು ಬೇಡ. ಅಸಲಿಯೆಂದು ತಿಳಿಯುವ ಹೊತ್ತಿಗೆ ಕಾರ್ಡು ಕೆಟ್ಟಿರಬಹುದು. ಕಾರ್ಡಿನ ಹಿಂದೆ ಟಾರ್ಚ್ ಹಿಡಿದು, ಅದೇ ಕಾಲದ, ಬೆಲೆಯಿಲ್ಲದ ಅಸಲಿ ಕಾರ್ಡಿನೊಂದಿಗೆ ಬೆಳಕು ಹಾಯುವ ಬಗೆಯನ್ನು ಹೋಲಿಸಿ ನೋಡಿ. ಅನಂತರ ಆಭರಣದ ಅಂಗಡಿಯವರು ಬಳಸುವಂಥ ಪ್ರಬಲ ಭೂತಗನ್ನಡಿಯಿಂದ ಹಿಂಬದಿಯ ಹಸಿರು ವೃತ್ತವನ್ನು ಗಮನಿಸಿದರೆ, ಅಸಲಿ ಕಾರ್ಡಿನಲ್ಲಿ ನಾಲ್ಕು ಕೆಂಪು ಚುಕ್ಕೆಗಳು ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಜೋಡಿಸಿಕೊಂಡಿರುತ್ತವೆ. ಮುಂಬದಿಯ ಕಪ್ಪು ಅಕ್ಷರಗಳು ಒಂದೇ ಘನವಾದ ಕಪ್ಪಾಗಿರಬೇಕು. ಬಣ್ಣದ ಚುಕ್ಕೆಗಳು ಕೂಡಿ ಅಕ್ಷರವಾಗಿದ್ದರೆ ಅದು ನಕಲಿ.

ಮಂಗಳೂರಿನ ಓದುಗರಿಗೆ ಇನ್ನೊಂದು ಮಾತು. ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಡಬ್ಬಿಯನ್ನು ಅಟ್ಟಕ್ಕೆ ಹಿಂದಿರುಗಿಸದೆ, ಪ್ರತಿ ಕಾರ್ಡನ್ನೂ ಪಿವಿಸಿ ಇಲ್ಲದ ತೆಳು ಪ್ಲಾಸ್ಟಿಕ್ ಕವಚದಲ್ಲಿ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಕೊಳೆಯಿದೆಯೆಂದು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಪಿಎಸ್‌ಎ, ಬೆಕೆಟ್ ಮುಂತಾದ ಸಂಸ್ಥೆಗಳು ಶುಲ್ಕ ಪಡೆದು ಮೂಲೆ, ಅಂಚು, ಮೇಲ್ಮೈ, ಚಿತ್ರದ ನಡುಸ್ಥಾನಗಳನ್ನು ನೋಡಿ ಹತ್ತರವರೆಗೆ ಅಂಕ ಕೊಡುತ್ತವೆಯಾದರೂ, ಆಡಿ ಸವೆದ ಸಾಧಾರಣ ಕಾರ್ಡುಗಳ ವಿಷಯದಲ್ಲಿ ಆ ಶುಲ್ಕ ಮತ್ತು ಸಾಗಣೆಯ ವೆಚ್ಚವೇ ಕಾರ್ಡಿನ ಬೆಲೆಯನ್ನು ಮೀರುತ್ತದೆ. ಡ್ಯುಯಲ್ ಲ್ಯಾಂಡ್ ಸಿಕ್ಕರೆ ಮಾತ್ರ ಆ ಯೋಚನೆ ಮಾಡಿ.