ಒಂದಾದ ಇಟಲಿಯ ರಾಜಧಾನಿ ಯಾವುದು?

ಪ್ರಶ್ನೆ: ಬೇರೆ ಬೇರೆ ಊರುಗಳಲ್ಲಿರುವ ನಮ್ಮ ಬಳಗದವರು ಭಾನುವಾರ ಸಂಜೆ ಆನ್‌ಲೈನ್‌ನಲ್ಲಿ ಸೇರಿ ರಸಪ್ರಶ್ನೆ ಆಡುತ್ತೇವೆ. ಈ ಬಾರಿಯ ವಿಷಯ ಇಟಲಿ. ‘1861ರಲ್ಲಿ ಒಂದುಗೂಡಿದ ಇಟಲಿಯ ರಾಜಧಾನಿ ಯಾವುದು?’ ಎಂದಾಗ ನಾನು ರೋಮ್ ಎಂದೆ. ಆಟ ನಡೆಸುತ್ತಿದ್ದ ಚಿಕ್ಕಪ್ಪನ ಮಗಳು ಟ್ಯೂರಿನ್ ಎಂದು ಹೇಳಿ ಅಂಕ ಕೊಡಲಿಲ್ಲ. ಯಾರ ಉತ್ತರ ಸರಿ? ಮುಂದಿನ ವಾರ ಪ್ರಶ್ನೆ ಕೇಳುವ ಸರದಿ ನನ್ನದು. ಮಲೆನಾಡಿಗೂ ಇಟಲಿಗೂ ನಂಟಿರುವ ಪ್ರಶ್ನೆಯೊಂದನ್ನು ದಯವಿಟ್ಟು ಸೂಚಿಸಿ.
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ತಂಗಿಯ ಉತ್ತರವೇ ಸರಿ. 1861ರ ಮಾರ್ಚ್ 17ರಂದು ಇಟಲಿ ರಾಜ್ಯದ ಘೋಷಣೆಯಾದದ್ದು ಟ್ಯೂರಿನ್‌ನಲ್ಲಿ. ಎರಡನೆಯ ವಿಟ್ಟೋರಿಯೊ ಎಮಾನುಯೆಲೆ ಅದರ ದೊರೆಯಾದನು. ಆದರೂ ನಿಮ್ಮ ಉತ್ತರ ಆಧಾರವಿಲ್ಲದ್ದೇನಲ್ಲ. ರೋಮ್ ನಗರವೇ ರಾಜಧಾನಿಯಾಗಬೇಕೆಂದು ಸಂಸತ್ತು ಅದೇ ತಿಂಗಳು 27ರಂದು ನಿರ್ಣಯಿಸಿತ್ತು. ನಗರ ಮಾತ್ರ ಪೋಪರ ಆಳ್ವಿಕೆಯಲ್ಲಿತ್ತು, ಅದರ ಕಾವಲಿಗೆ ಫ್ರೆಂಚ್ ಸೈನ್ಯವಿತ್ತು. 1865ರಲ್ಲಿ ರಾಜಧಾನಿ ಫ್ಲಾರೆನ್ಸ್‌ಗೆ ಹೋಯಿತು. 1870ರಲ್ಲಿ ಪ್ರಷ್ಯಾದೊಡನೆ ಯುದ್ಧಕ್ಕಿಳಿದ ಫ್ರಾನ್ಸ್ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡ ಮೇಲೆ, ಸೆಪ್ಟೆಂಬರ್ 20ರಂದು ಇಟಲಿಯ ಸೈನಿಕರು ಪೋರ್ಟಾ ಪಿಯಾ ಹೆಬ್ಬಾಗಿಲ ಬಳಿ ಕೋಟೆಯ ಗೋಡೆಯೊಡೆದು ರೋಮ್ ಪ್ರವೇಶಿಸಿದರು. ಮರುವರ್ಷ ರಾಜಧಾನಿಯೂ ಅಲ್ಲಿಗೆ ಬಂತು.

ನಂಟಿನ ಪ್ರಶ್ನೆಗೆ ಕಾಫಿ ಎಲ್ಲರಿಗೂ ಹೊಳೆಯುತ್ತದೆ. ನನಗೆ ಹೆಚ್ಚು ಪ್ರಿಯನಾದವನು ಪಿಯೆತ್ರೊ ದೆಲ್ಲಾ ವಲ್ಲೆ. ರೋಮಿನಲ್ಲಿ ಹುಟ್ಟಿದ ಈ ಯಾತ್ರಿಕ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಗೋವಾದಿಂದ ಹೊರಟು, ಘಟ್ಟ ಹತ್ತಿ, ನಿಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿರುವ ಇಕ್ಕೇರಿಗೆ ಬಂದು ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಂಡನು. ದಾರಿಯಲ್ಲಿ ಗುಡಿಯೊಂದರ ಜಗುಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬಹಳ ಅಕ್ಕರೆಯಿಂದ ಬರೆದಿಟ್ಟಿದ್ದಾನೆ. ಅವರು ಪಾಠವನ್ನು ರಾಗವಾಗಿ ಹೇಳುತ್ತ, ನೆಲಕ್ಕೆ ಹರಡಿದ ನುಣ್ಣನೆಯ ಮರಳಿನ ಮೇಲೆ ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ, ಮತ್ತೆ ಮರಳು ಚೆಲ್ಲಿಕೊಳ್ಳುತ್ತಿದ್ದರು. ಗುರುಗಳಿಲ್ಲದಿರುವಾಗ ತಪ್ಪನ್ನು ತಿದ್ದುವವರು ಯಾರೆಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲವೆಂದು ಆ ಮಕ್ಕಳು ಉತ್ತರಿಸಿದರು.

ಪ್ರಶ್ನೆಯನ್ನು ಹೀಗೆ ಕೇಳಬಹುದು: ‘ಕೆಳದಿಯ ವೆಂಕಟಪ್ಪ ನಾಯಕನನ್ನು 1623ರಲ್ಲಿ ಇಕ್ಕೇರಿಯಲ್ಲಿ ಭೇಟಿಯಾದ, ರೋಮ್ ನಗರದ ಯಾತ್ರಿಕ ಯಾರು?’ ‘ಇಟಲಿ ದೇಶದ ಯಾತ್ರಿಕ’ ಎಂದು ಬರೆಯಬೇಡಿ. ಅವನ ಕಾಲಕ್ಕೆ ಆ ಹೆಸರಿನ ಒಂದೇ ರಾಜ್ಯ ಇನ್ನೂ ಇರಲಿಲ್ಲ, ನಿಮ್ಮ ತಂಗಿ ಅದನ್ನು ಗಮನಿಸದೆ ಬಿಡುವವರಲ್ಲ.