ಡಬ್ಬಿ ಬಡಿದರೆ ಸಾಕೇ?

ಪತ್ರ: “ಹಡಗಿಗೆ ಹೇರುವ ಅದಿರು ಹಸಿಯೋ ಒಣವೋ ಎಂದು ಅನುಭವಿ ಕ್ಯಾಪ್ಟನ್ ಡಬ್ಬಿ ಬಡಿದೇ ಹೇಳುತ್ತಾನೆ. ತೇವ ಪರೀಕ್ಷೆಗೆ ಮಾದರಿ ತೆಗೆದು ಏಳು ದಿನ ದಾಟಿದರೆ ಲೋಡಿಂಗ್‌ಗೆ ಮುಂಚೆ ಮತ್ತೆ ಲ್ಯಾಬ್ ಕಾಗದ ಯಾಕೆ? ಈ ನಿಯಮ ಬರೆದವರು ಸಮುದ್ರ ಕಂಡಿದ್ದಾರೆಯೇ?” – ಓದುಗರು, ಪಣಂಬೂರು

ಉತ್ತರ: ಅನುಭವ ದೊಡ್ಡದು, ಒಪ್ಪಿದೆ. ಆದರೆ 2009ರ ಜುಲೈಯಲ್ಲಿ ನಿಮ್ಮೂರ ಬಂದರಿನಿಂದಲೇ ಅದಿರಿನ ಪುಡಿ ಹೇರಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಹಡಗು ವಾಲಿ ಮುಳುಗಿದ್ದನ್ನು ಮರೆತೇಬಿಟ್ಟಿರಲ್ಲ! ಎರಡು ತಿಂಗಳಿಗೆ ಪಾರಾದೀಪದ ಬಳಿ ‘ಬ್ಲ್ಯಾಕ್ ರೋಸ್’ ಕೂಡ ಹೋಯಿತು.

ನಿಮ್ಮ ಡಬ್ಬಿಯನ್ನೇ ನೋಡೋಣ. ಅರ್ಧ–ಒಂದು ಲೀಟರಿನ ಡಬ್ಬಿಗೆ ಅರ್ಧದಷ್ಟು ಅದಿರು ತುಂಬಿ, ಗೇಣೆತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಜಿನುಗಿತೋ, ಲೋಡಿಂಗ್‌ಗೆ ಮುಂಚೆ ಲ್ಯಾಬ್‌ಗೆ ಕಳಿಸಬೇಕು. ಜಿನುಗದಿದ್ದರೆ? ಏನೂ ಸಾಬೀತಾಗಲಿಲ್ಲ. ಡಬ್ಬಿಗೆ ‘ಬೇಡ’ ಎನ್ನುವ ಅಧಿಕಾರವುಂಟು, ‘ಹೂಂ’ ಎನ್ನುವ ಅಧಿಕಾರವಿಲ್ಲ.

ಲ್ಯಾಬಿನವರು ಅದಿರನ್ನು ಶಂಕುವಿನಾಕಾರಕ್ಕೆ ಒತ್ತಿ ಫ್ಲೋ ಟೇಬಲ್ ಮೇಲಿಡುತ್ತಾರೆ. ಟೇಬಲ್ಲನ್ನು 12.5 ಮಿ.ಮೀ. ಎತ್ತಿ ಬೀಳಿಸುವುದು, ನಿಮಿಷಕ್ಕೆ 25ರಂತೆ, 50 ಸಲದವರೆಗೆ. ಚೂರುಚೂರೇ ನೀರು ಬೆರೆಸಿ ಮತ್ತೆ ಮತ್ತೆ ಕುಣಿಸಿದರೆ ಒಂದು ಹದಕ್ಕೆ ಶಂಕು ಕುಸಿದು ಹರಡುತ್ತದೆ. ಆ ತೇವಾಂಶದ ಶೇ. 90ರಷ್ಟೇ ಹಡಗಿಗೆ ಮಿತಿ. ಹಡಗಿನ ಹೊಟ್ಟೆಯ ಸರಕುಕೋಣೆಯಾದ ಹೋಲ್ಡಿನೊಳಗೂ ನಡೆಯುವುದು ಇದೇ. ಎಂಜಿನ್ನಿನ ನಡುಕಕ್ಕೆ, ಅಲೆಯ ತೂಗಾಟಕ್ಕೆ ಕಣಗಳು ಅಡಕವಾಗಿ ನಡುವಿನ ನೀರಿನ ಒತ್ತಡ ಏರುತ್ತದೆ. ಕಾಲಿಟ್ಟರೆ ಗಟ್ಟಿ ಎನಿಸುತ್ತಿದ್ದ ಅದಿರು ಗಂಜಿಯಾಗಿ ಒಂದು ಬದಿಗೆ ಜಾರುತ್ತದೆ. ಹಡಗು ಆಚೆಗೆ ತೂಗಿದಾಗಲೂ ಅದು ಪೂರ್ತಿ ಮರಳುವುದಿಲ್ಲ.

ಅನುಭವಿಗಳೆಲ್ಲ ‘ಇದಕ್ಕೇನೂ ಆಗದು’ ಎನ್ನುತ್ತಿದ್ದ ಸರಕು ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು. ಮಳೆಯಲ್ಲಿ ನೆನೆದ ಬಾಕ್ಸೈಟನ್ನು ಮಲೇಷ್ಯಾದ ಕ್ವಾಂಟನ್‌ನಲ್ಲಿ ತುಂಬಿಸಿಕೊಂಡ ‘ಬಲ್ಕ್ ಜುಪಿಟರ್’ 2015ರ ಜನವರಿ 2ರಂದು ಮುಳುಗಿತು. 19 ಜನರಲ್ಲಿ ಉಳಿದವನು ಅಡುಗೆಯವನೊಬ್ಬನೇ. ಸಂಶೋಧಕರು 2017ರಲ್ಲಿ ಹೇಳಿದ ಕಾರಣ ಯಾರೂ ಊಹಿಸಿರದ್ದು: ಬಾಕ್ಸೈಟ್ ಇಡಿಯಾಗಿ ಗಂಜಿಯಾಗುವುದಿಲ್ಲ, ನೀರೂ ನಯಪುಡಿಯೂ ಬೇರ್ಪಟ್ಟು ಮೇಲೆ ರಾಡಿಯಾಗಿ ನಿಂತು ಅತ್ತಿತ್ತ ತುಳುಕುತ್ತದೆ. ಬಾಕ್ಸೈಟ್ ಪುಡಿಗೆ ಕಡ್ಡಾಯ ನಿಯಮ ಬಂದದ್ದು 2021ಕ್ಕೆ. ಸಿಟ್ಟು ಬರಬೇಕಾದ್ದು ಈ ನಿಧಾನಕ್ಕೆ, ಲ್ಯಾಬಿನ ಮೇಲಲ್ಲ.

ಇನ್ನೊಂದು ಸಿಟ್ಟು ಅದಿರು ರಾಶಿ ಹಾಕುವ ಯಾರ್ಡಿನವರ ಮೇಲೆ. ರಾಶಿಯ ಬಿಸಿಲು ಕಂಡ ಮೈಯಿಂದ ಬೊಗಸೆ ಪುಡಿ ಕೆರೆದು ‘ಮಾದರಿ’ ಎಂದು ಕಳಿಸಿದರೆ, ಬುಡದಲ್ಲಿ ಇಂಗಿದ ನೀರನ್ನು ಯಾವ ಯಂತ್ರ ಕಂಡೀತು? ನಿಮಗೆ ಹೊರೆಯಾದ ಆ ಏಳು ದಿನದ ಕಾಗದವೂ ನಡುವೆ ಒಂದು ರಾತ್ರಿ ಮಳೆ ಸುರಿದರೆ ರದ್ದಿಯೇ. ನಿಮ್ಮಲ್ಲಿ ಮಾದರಿ ತೆಗೆಯಲು ಗುಂಡಿ ಎಷ್ಟು ಆಳ ತೋಡುತ್ತಾರೆ, ಮುಂದಿನ ಪತ್ರದಲ್ಲಿ ತಿಳಿಸಿ.

– ಸಂ.